ಬಾಡಿಗೆದಾರರ ಹಕ್ಕು ವಿಸ್ತರಣೆ ಮತ್ತು ಸ್ಥಳೀಯ ಸಂಸ್ಥೆಗಳ ಹಣಕಾಸು: ಮುಖ್ಯಾಂಶಗಳು

ವಿಷಯದ ತಿರುಳು
• ಪರಿಣಾಮದ ಎರಡು ಮುಖ: ವರಮಾನದ ಕಡೆ ತೆರಿಗೆ ಆಧಾರದ ಕುಗ್ಗುವಿಕೆ, ವೆಚ್ಚದ ಕಡೆ ಕಾಯ್ದೆ ಜಾರಿ, ತಾತ್ಕಾಲಿಕ ವಸತಿ, ಕಾನೂನು ನೆರವು
• ವರಮಾನ ನಷ್ಟದ ಪ್ರಮುಖ ಉದಾಹರಣೆ: ಭಾರತದ ಬಾಡಿಗೆ ನಿಯಂತ್ರಣ ಕಾಯ್ದೆಗಳು
• ವೆಚ್ಚ ಹೆಚ್ಚಳದ ಇತ್ತೀಚಿನ ಉದಾಹರಣೆ: ಇಂಗ್ಲೆಂಡಿನ ಬಾಡಿಗೆದಾರರ ಹಕ್ಕುಗಳ ಕಾಯ್ದೆ, 2025
• ನಿರ್ಣಾಯಕ ಪ್ರಶ್ನೆ: ಆಸ್ತಿ ತೆರಿಗೆಯ ಲೆಕ್ಕ ಬಾಡಿಗೆಯ ಮೇಲೋ, ಬೇರೆ ಅಳತೆಯ ಮೇಲೋ? ಬಾಡಿಗೆಯ ಮೇಲಾದರೆ ಬಾಡಿಗೆಯ ಮಿತಿಯೇ ತೆರಿಗೆಯ ಮಿತಿ
• ಭಾರತದಲ್ಲಿ ಪರಿಹಾರ ಬಂದದ್ದು ಬಾಡಿಗೆ ಕಾಯ್ದೆಯ ರದ್ದತಿಯಿಂದಲ್ಲ. ತೆರಿಗೆಯನ್ನು ಬಾಡಿಗೆಯಿಂದ ಬೇರ್ಪಡಿಸಿದ್ದರಿಂದ

ಸಾಂವಿಧಾನಿಕ ಮತ್ತು ಶಾಸನಾತ್ಮಕ ನೆಲೆ
• ಸ್ಥಳೀಯ ಸರ್ಕಾರ: 7ನೇ ಅನುಸೂಚಿ, ರಾಜ್ಯ ಪಟ್ಟಿ, ನಮೂದು 5
• ಭೂಮಿ, ಭೂಮಾಲೀಕ–ಗೇಣಿದಾರ ಸಂಬಂಧ, ಗೇಣಿ ವಸೂಲಿ: ರಾಜ್ಯ ಪಟ್ಟಿ, ನಮೂದು 18
• ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆ: ರಾಜ್ಯ ಪಟ್ಟಿ, ನಮೂದು 49
• ದಂಡು ಪ್ರದೇಶಗಳಲ್ಲಿ ಬಾಡಿಗೆ ನಿಯಂತ್ರಣ: ಕೇಂದ್ರ ಪಟ್ಟಿ, ನಮೂದು 3; ಸಂಬಂಧಿತ ಪ್ರಕರಣ ಇಂದು ಭೂಷಣ್ ಬೋಸ್ ವಿರುದ್ಧ ರಮಾ ಸುಂದರಿ ದೇವಿ (ಎ.ಐ.ಆರ್., ಅಂದರೆ ಆಲ್ ಇಂಡಿಯಾ ರಿಪೋರ್ಟರ್, 1970)
• 243-ಎಕ್ಸ್ ವಿಧಿ: ಪೌರಸಂಸ್ಥೆಗಳಿಗೆ ತೆರಿಗೆ ವಿಧಿಸುವ ಅಧಿಕಾರ, ರಾಜ್ಯ ವಿಧಾನಮಂಡಲದ ಕಾನೂನಿನ ಮೂಲಕ ಮಾತ್ರ
• 243-ವೈ ವಿಧಿ: ಪೌರಸಂಸ್ಥೆಗಳ ಹಣಕಾಸು ಸ್ಥಿತಿಯ ಪರಿಶೀಲನೆ, ರಾಜ್ಯ ಹಣಕಾಸು ಆಯೋಗದ ಹೊಣೆ
• 280(3)(ಸಿ) ವಿಧಿ: ಪೌರಸಂಸ್ಥೆಗಳ ಸಂಪನ್ಮೂಲ ಪೂರಣಕ್ಕೆ ಕೇಂದ್ರ ಹಣಕಾಸು ಆಯೋಗದ ಶಿಫಾರಸು, 74ನೇ ತಿದ್ದುಪಡಿಯಿಂದ ಸೇರ್ಪಡೆ (ಪಂಚಾಯತಿಗಳಿಗೆ ಸಂಬಂಧಿಸಿದ್ದು 280(3)(ಬಿಬಿ), 73ನೇ ತಿದ್ದುಪಡಿ)
• 285 ವಿಧಿ: ಕೇಂದ್ರದ ಆಸ್ತಿಗೆ ರಾಜ್ಯ ಹಾಗೂ ರಾಜ್ಯದೊಳಗಿನ ಪ್ರಾಧಿಕಾರಗಳ ತೆರಿಗೆಯಿಂದ ವಿನಾಯಿತಿ
• 74ನೇ ತಿದ್ದುಪಡಿ ಕಾಯ್ದೆ 1992. ಜಾರಿ 1 ಜೂನ್ 1993. 12ನೇ ಅನುಸೂಚಿ, 18 ವಿಷಯಗಳು
• 18 ವಿಷಯಗಳ ಪೈಕಿ ಬಾಡಿಗೆ ನಿಯಂತ್ರಣ ಇಲ್ಲ. ಕಾನೂನು ರಾಜ್ಯದ್ದು, ತೆರಿಗೆ ನಷ್ಟ ಪೌರಸಂಸ್ಥೆಯದು
• ಆಸ್ತಿ ವರ್ಗಾವಣೆ ಕಾಯ್ದೆ 1882: ಕಲಂ 105 ಗುತ್ತಿಗೆಯ ವ್ಯಾಖ್ಯೆ, ಕಲಂ 106 ನೋಟಿಸ್ ಅವಧಿ (ವಾಸದ ಮನೆಗೆ 15 ದಿನ, ಕೃಷಿ, ತಯಾರಿಕೆಗೆ 6 ತಿಂಗಳು)
• ನೋಂದಣಿ ಕಾಯ್ದೆ 1908, ಕಲಂ 17(1)(ಡಿ): ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರಿನ ಮೂಲ ಇದೇ. ನಿಜವಾದ ಬಾಡಿಗೆಯ ದಾಖಲೆ ಪೌರಸಂಸ್ಥೆಗೆ ಸಿಗದಿರುವುದಕ್ಕೂ ಇದೇ ಒಂದು ಕಾರಣ

ಆರಂಭ: ಯುದ್ಧಕಾಲದ ಕಾಯ್ದೆಗಳು
• ಬ್ರಿಟನ್ನಿನ ಮೊದಲ ಬಾಡಿಗೆ ನಿಯಂತ್ರಣ: ಬಾಡಿಗೆ ಮತ್ತು ಅಡಮಾನ ಬಡ್ಡಿ ಹೆಚ್ಚಳ (ಯುದ್ಧ ನಿರ್ಬಂಧ) ಕಾಯ್ದೆ, 1915
• ಹಿನ್ನೆಲೆ: ಗ್ಲಾಸ್ಗೊ ಬಾಡಿಗೆ ಮುಷ್ಕರ, 1915, ನಾಯಕಿ ಮೇರಿ ಬಾರ್ಬರ್
• ಬ್ರಿಟಿಷ್ ಭಾರತದಲ್ಲಿ: ಬಾಂಬೆ ಬಾಡಿಗೆ (ಯುದ್ಧ ನಿರ್ಬಂಧ) ಕಾಯ್ದೆ, 1918
• ಬಳಿಕ: ಕಲ್ಕತ್ತಾ ಬಾಡಿಗೆ ಕಾಯ್ದೆ 1920, ರಂಗೂನ್ ಬಾಡಿಗೆ ಕಾಯ್ದೆ 1920
• ಎರಡನೇ ಮಹಾಯುದ್ಧ ಮತ್ತು ದೇಶವಿಭಜನೆಯ ನಂತರ ಎರಡನೇ ಅಲೆ: ಬಾಂಬೆ 1947, ಮದರಾಸು 1949, ಪಶ್ಚಿಮ ಬಂಗಾಳ 1950, ಮೈಸೂರು 1951, ದೆಹಲಿ–ಅಜ್ಮೇರ್ 1952
• ತಾತ್ಕಾಲಿಕ ಎಂಬ ಹೆಸರಿನ ಕಾಯ್ದೆಗಳ ವಿಸ್ತರಣೆ ದಶಕಗಳವರೆಗೆ. ಬಾಂಬೆಯ 1947ರ ಕಾಯ್ದೆಯ ಆಯುಸ್ಸು ಅವಧಿ ವಿಸ್ತರಣೆಗಳ ಬಲದಿಂದ 50 ವರ್ಷಕ್ಕೂ ಹೆಚ್ಚು

ಬಾಡಿಗೆ ಸ್ಥಗಿತದಿಂದ ತೆರಿಗೆ ಸ್ಥಗಿತ: ಕೊಂಡಿಗಳು
• ಆಸ್ತಿ ತೆರಿಗೆಯ ಹಳೆಯ ಆಧಾರ: ವಾರ್ಷಿಕ ಬಾಡಿಗೆ ಮೌಲ್ಯ
• ವ್ಯಾಖ್ಯೆ: ಕಟ್ಟಡವನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ನ್ಯಾಯವಾಗಿ ನಿರೀಕ್ಷಿಸಬಹುದಾದ ಮೊತ್ತ. ನಿಜವಾಗಿ ಬರುವ ಬಾಡಿಗೆ ಎಂದು ಅರ್ಥವಲ್ಲ
• ಬಾಡಿಗೆ ಕಾಯ್ದೆಯಡಿ ಗರಿಷ್ಠ ಮಿತಿ: ಪ್ರಮಾಣಿತ ಬಾಡಿಗೆ (ಬಾಂಬೆ, ದೆಹಲಿ, ಬಂಗಾಳ); ನ್ಯಾಯಯುತ ಬಾಡಿಗೆ (ಮದರಾಸು, ಮೈಸೂರು)
• ಮಿತಿ ಮೀರಿದ ಬಾಡಿಗೆ ಪಡೆಯುವುದು ದಂಡನಾರ್ಹ. ಆದ್ದರಿಂದ ‘ನ್ಯಾಯವಾದ ನಿರೀಕ್ಷೆ’ಯೂ ಅದೇ ಮಿತಿಯೊಳಗೆ
• ಫಲ: ಸೇವಾ ವೆಚ್ಚ, ಸಂಬಳ, ಇಂಧನ ದರ ಚಾಲ್ತಿ ಬೆಲೆಯಲ್ಲಿ, ತೆರಿಗೆ ಆಧಾರ ದಶಕಗಳ ಹಿಂದಿನ ಬೆಲೆಯಲ್ಲಿ
• ಅಡ್ಡ ಪರಿಣಾಮ 1: ಕೊರತೆ ತುಂಬಲು ಅತಿ ಹೆಚ್ಚಿನ ತೆರಿಗೆ ದರ. ಪಟ್ನಾದಲ್ಲಿ ವಾರ್ಷಿಕ ಮೌಲ್ಯದ ಶೇ 43.75
• ಅಡ್ಡ ಪರಿಣಾಮ 2: ಅಕ್ಕಪಕ್ಕದ ಒಂದೇ ಅಳತೆಯ ಹಳೆ ಮನೆಗೆ ಅಲ್ಪ ತೆರಿಗೆ, ಹೊಸ ಮನೆಗೆ ಹಲವು ಪಟ್ಟು
• ಅಡ್ಡ ಪರಿಣಾಮ 3: ಬಾಡಿಗೆ ವಸತಿಯ ಪ್ರಮಾಣ ಇಳಿಕೆ. ನಗರ ಕುಟುಂಬಗಳಲ್ಲಿ 1961ರಲ್ಲಿ ಶೇ 54, 2011ರಲ್ಲಿ ಶೇ 28 (ಆರ್ಥಿಕ ಸಮೀಕ್ಷೆ 2017–18)
• ಇಳಿಕೆಯ ಪೂರ್ತಿ ಹೊಣೆ ಬಾಡಿಗೆ ಕಾಯ್ದೆಯದಲ್ಲ. ಸ್ವಂತ ಮನೆ ಸಾಲ, ನಿವೇಶನ ಹಂಚಿಕೆಯ ಪಾಲೂ ಇದೆ
• ಖಾಲಿ ಮನೆಗಳು: 2011ರ ಜನಗಣತಿಯಂತೆ ನಗರ ಪ್ರದೇಶಗಳಲ್ಲಿ ಸುಮಾರು 1.1 ಕೋಟಿ

ಸುಪ್ರೀಂ ಕೋರ್ಟ್: ಪ್ರಮುಖ ತೀರ್ಪುಗಳು
• ಕಲ್ಕತ್ತಾ ಕಾರ್ಪೊರೇಷನ್ ವಿರುದ್ಧ ಪದ್ಮಾ ದೇವಿ (ಎ.ಐ.ಆರ್. 1962): ಈ ಸರಣಿಯ ಮೊದಲ ಕೊಂಡಿ
– ಕಾಯ್ದೆಗಳು: ಕಲ್ಕತ್ತಾ ಮುನಿಸಿಪಲ್ ಕಾಯ್ದೆ 1923, ಪಶ್ಚಿಮ ಬಂಗಾಳ ಬಾಡಿಗೆ ನಿಯಂತ್ರಣ ಕಾಯ್ದೆ 1950
– ತತ್ತ್ವ: ವಾರ್ಷಿಕ ಮೌಲ್ಯ ಪ್ರಮಾಣಿತ ಬಾಡಿಗೆಯನ್ನು ಮೀರುವಂತಿಲ್ಲ
• ಕಲ್ಕತ್ತಾ ಕಾರ್ಪೊರೇಷನ್ ವಿರುದ್ಧ ಜೀವ ವಿಮಾ ನಿಗಮ (ಎ.ಐ.ಆರ್. 1970): ಅದೇ ತತ್ತ್ವದ ಅನುಸರಣೆ
• ಗುಂಟೂರು ಮುನಿಸಿಪಲ್ ಕೌನ್ಸಿಲ್ ವಿರುದ್ಧ ಗುಂಟೂರು ಪಟ್ಟಣ ತೆರಿಗೆದಾರರ ಸಂಘ (ಎ.ಐ.ಆರ್. 1971)
– ಪ್ರಶ್ನೆ: ನಿಯಂತ್ರಕರು ಬಾಡಿಗೆ ನಿಗದಿ ಮಾಡದೇ ಇದ್ದಲ್ಲಿ?
– ಉತ್ತರ: ಆಗಲೂ ಮಿತಿ ಅನ್ವಯ, ಬಾಡಿಗೆ ಕಾಯ್ದೆಯ ಸೂತ್ರದಂತೆ ಪೌರಸಂಸ್ಥೆಯೇ ನ್ಯಾಯಯುತ ಬಾಡಿಗೆ ಲೆಕ್ಕ ಹಾಕಬೇಕು
• ದಿವಾನ್ ದೌಲತ್ ರಾಯ್ ಕಪೂರ್ ವಿರುದ್ಧ ನವದೆಹಲಿ ಮುನಿಸಿಪಲ್ ಸಮಿತಿ: ಅತಿ ಹೆಚ್ಚು ಉಲ್ಲೇಖವಾಗುವ ತೀರ್ಪು
– ತೀರ್ಪಿನ ದಿನ ಡಿಸೆಂಬರ್ 1979, ವರದಿ 1980, ನ್ಯಾ. ಪಿ.ಎನ್. ಭಗವತಿ
– ಕಾಯ್ದೆಗಳು: ಪಂಜಾಬ್ ಮುನಿಸಿಪಲ್ ಕಾಯ್ದೆ 1911, ದೆಹಲಿ ಬಾಡಿಗೆ ನಿಯಂತ್ರಣ ಕಾಯ್ದೆ 1958
– ಪ್ರಮಾಣಿತ ಬಾಡಿಗೆ ನಿಗದಿಗೆ ಅರ್ಜಿ ಹಾಕುವ ಕಾಲಮಿತಿ ಮುಗಿದಿದ್ದರೂ ಮಿತಿ ಅನ್ವಯ
• ಡಾ. ಬಲಬೀರ್ ಸಿಂಗ್ ವಿರುದ್ಧ ದೆಹಲಿ ಮಹಾನಗರ ಪಾಲಿಕೆ: ತೀರ್ಪು ಡಿಸೆಂಬರ್ 1984, ವರದಿ 1985, ಇದೂ ನ್ಯಾ. ಭಗವತಿ
– ವಿಸ್ತರಣೆ: ಸ್ವಂತ ವಾಸದ ಮನೆ, ಭಾಗಶಃ ಬಾಡಿಗೆ ಕೊಟ್ಟ ಮನೆಗಳಿಗೂ ಅದೇ ತತ್ತ್ವ
– ಪ್ರಮಾಣಿತ ಬಾಡಿಗೆಯ ಲೆಕ್ಕ: ನಿರ್ಮಾಣ ವೆಚ್ಚ ಮತ್ತು ನಿರ್ಮಾಣ ಆರಂಭವಾದ ದಿನದ ಭೂಮಿಯ ಮಾರುಕಟ್ಟೆ ಬೆಲೆ
– ಬಾಡಿಗೆದಾರನೇ ಇಲ್ಲದ ಮನೆಗೂ ಬಾಡಿಗೆದಾರರ ರಕ್ಷಣೆಯ ಮಿತಿ. ಪಾಲಿಕೆಯ ಬೊಕ್ಕಸಕ್ಕೆ ಸರಣಿಯಲ್ಲೇ ಅತಿ ವ್ಯಾಪಕ ಪರಿಣಾಮ ಇದರದು
• ಶೀಲಾ ಕೌಶಿಶ್ ವಿರುದ್ಧ ಆದಾಯ ತೆರಿಗೆ ಆಯುಕ್ತರು, 1981: ಆದಾಯ ತೆರಿಗೆಯ ವಾರ್ಷಿಕ ಮೌಲ್ಯಕ್ಕೂ ಪ್ರಮಾಣಿತ ಬಾಡಿಗೆಯೇ ಮಿತಿ. ನಷ್ಟ ಪಾಲಿಕೆಗೆ ಮಾತ್ರವಲ್ಲ, ಕೇಂದ್ರಕ್ಕೂ
• ಶ್ರೀಕಾಂತ್ ಕಾಶೀನಾಥ್ ಜಿತೂರಿ ವಿರುದ್ಧ ಬೆಳಗಾವಿ ಮಹಾನಗರ ಪಾಲಿಕೆ, 1994: ಸರಣಿಯಲ್ಲಿ ಕರ್ನಾಟಕದ ಪ್ರಕರಣ, ಹಳೆಯ ನ್ಯಾಯಯುತ ಬಾಡಿಗೆಗೆ ತೆರಿಗೆಯನ್ನು ಕಟ್ಟಿಹಾಕುವ ಬಗ್ಗೆ ಮರುಚಿಂತನೆಯ ಧಾಟಿ
• ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ರಾಜ್ಯ: ತೀರ್ಪು ಡಿಸೆಂಬರ್ 1997, ವರದಿ 1998
– 1940ರ ಮಟ್ಟದಲ್ಲಿ ಸ್ಥಗಿತಗೊಂಡ ಬಾಡಿಗೆ ಕಾಲಾಂತರದಲ್ಲಿ ಅಸಮಂಜಸ ಎಂಬ ತೀರ್ಮಾನ
– 1947ರ ಬಾಂಬೆ ಬಾಡಿಗೆ ಕಾಯ್ದೆಯ ರದ್ದತಿ ಇಲ್ಲ. ಕಾರಣ, ಅದರ ಅವಧಿ 31 ಮಾರ್ಚ್ 1998ಕ್ಕೆ ಮುಗಿಯಲಿದ್ದುದು
– ಒಂದು ಕಾಲಕ್ಕೆ ಸಿಂಧುವಾಗಿದ್ದ ಕಾನೂನು ಕಾಲ ಸರಿದಂತೆ ಅಸಿಂಧುವಾಗಬಹುದು ಎಂಬ ತತ್ತ್ವಕ್ಕೆ ಪ್ರಮುಖ ಉದಾಹರಣೆ
• ಇಂಡಿಯಾ ಆಟೋಮೊಬೈಲ್ಸ್ (1960) ಲಿ. ವಿರುದ್ಧ ಕಲ್ಕತ್ತಾ ಮುನಿಸಿಪಲ್ ಕಾರ್ಪೊರೇಷನ್, 2002: ‘ಬೇರೆ ಯಾವುದೇ ಕಾನೂನಿನಲ್ಲಿ ಏನೇ ಇದ್ದರೂ’ ಎಂಬ ಷರತ್ತು ಪೌರ ಕಾಯ್ದೆಯಲ್ಲೇ ಇದ್ದರೆ ಬಾಡಿಗೆ ಕಾಯ್ದೆಯ ಮಿತಿ ತೆರಿಗೆಗೆ ಅನ್ವಯಿಸದು

ಮುಂಬಯಿ
• ಬಾಂಬೆ ಬಾಡಿಗೆ, ಹೋಟೆಲ್ ಮತ್ತು ವಸತಿಗೃಹ ದರ ನಿಯಂತ್ರಣ ಕಾಯ್ದೆ 1947. ಜಾರಿ ಫೆಬ್ರುವರಿ 1948
• ಪ್ರಮಾಣಿತ ಬಾಡಿಗೆಯ ಆಧಾರ ದಿನ: 1 ಸೆಪ್ಟೆಂಬರ್ 1940
• ದುರಸ್ತಿ ಮಾಡಿಸಲು ಮಾಲೀಕರಿಗೆ ಲಾಭವಿಲ್ಲ. ಕುಸಿಯುವ ಕಟ್ಟಡಗಳ ಹೊಣೆ ಸಾರ್ವಜನಿಕ ಸಂಸ್ಥೆಗಳ ಮೇಲೆ
• ಬಾಂಬೆ ಕಟ್ಟಡ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿ ಕಾಯ್ದೆ, 1969. ದುರಸ್ತಿ ಸೆಸ್ ವಸೂಲಿ ಪಾಲಿಕೆಯ ಮೂಲಕ
• ಮಹಾರಾಷ್ಟ್ರ ಗೃಹ ನಿರ್ಮಾಣ ಮತ್ತು ಪ್ರದೇಶಾಭಿವೃದ್ಧಿ ಪ್ರಾಧಿಕಾರ (ಮ್ಹಾಡಾ): ಸ್ಥಾಪನೆ ಡಿಸೆಂಬರ್ 1977, ದುರಸ್ತಿ ಮಂಡಳಿ ಇದರ ಅಂಗ
• ಸೆಸ್ ಕಟ್ಟಡಗಳ ಮೂಲ ಸಂಖ್ಯೆ: 19,642, ಎಲ್ಲವೂ ದ್ವೀಪ ನಗರ ಭಾಗದಲ್ಲಿ
• ವರ್ಗಗಳು: ‘ಎ’ 1 ಸೆಪ್ಟೆಂಬರ್ 1940ಕ್ಕೆ ಮೊದಲಿನವು, ‘ಬಿ’ 1940–1950, ‘ಸಿ’ 1951ರಿಂದ 30 ಸೆಪ್ಟೆಂಬರ್ 1969
• ಪಗಡಿ: ಬಾಡಿಗೆ ಹಕ್ಕಿನ ವರ್ಗಾವಣೆಗೆ ಕೈ ಬದಲಾಗುವ ಇಡಿಗಂಟು, ದೀರ್ಘಕಾಲ ಲೆಕ್ಕಕ್ಕೆ ಸಿಗದ ಹಣ
• ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999. ಜಾರಿ 31 ಮಾರ್ಚ್ 2000
– ವಾರ್ಷಿಕ ಬಾಡಿಗೆ ಏರಿಕೆ: ಶೇ 4
– ಬ್ಯಾಂಕ್, ಸಾರ್ವಜನಿಕ ಉದ್ಯಮ, 1 ಕೋಟಿ ರೂ. ಅಥವಾ ಹೆಚ್ಚಿನ ಪಾವತಿಸಿದ ಬಂಡವಾಳದ ಕಂಪನಿಗಳಿಗೆ ರಕ್ಷಣೆ ಇಲ್ಲ
– ಕಲಂ 55: ಬಾಡಿಗೆ ಕರಾರಿನ ನೋಂದಣಿ ಕಡ್ಡಾಯ, ಕಲಂ 56: ಪಗಡಿಗೆ ಕಾನೂನು ಮಾನ್ಯತೆ

ಬಿಡುಗಡೆಯ ದಾರಿ: ತೆರಿಗೆಯ ಹೊಸ ಅಳತೆಗಳು
• ಪಟ್ನಾ, 1993: ಪ್ರದೇಶಾಧಾರಿತ ಪದ್ಧತಿಯ ಪ್ರವರ್ತಕ ನಗರ
– ಮೂರು ಮಾನದಂಡ: ರಸ್ತೆಯ ದರ್ಜೆ, ಬಳಕೆ, ನಿರ್ಮಾಣದ ಬಗೆ
– ತೆರಿಗೆ ದರ: ಶೇ 43.75ರಿಂದ ಶೇ 9ಕ್ಕೆ ಇಳಿಕೆ. ದರ ಇಳಿಸಿ ಆಧಾರ ಹಿಗ್ಗಿಸಿದ ಕ್ರಮ
– ಸುಪ್ರೀಂ ಕೋರ್ಟ್ ಮಾನ್ಯತೆ: ಬಿಹಾರ ರಾಜ್ಯ ವಿರುದ್ಧ ಸಚ್ಚಿದಾನಂದ ಕಿಶೋರ್ ಪ್ರಸಾದ್ ಸಿನ್ಹಾ, 1995
• ಬೆಂಗಳೂರು, 2000: ಸ್ವಯಂ ಘೋಷಣಾ ಪದ್ಧತಿ, 2008: ಘಟಕ ಪ್ರದೇಶ ಮೌಲ್ಯ ಪದ್ಧತಿ
• ದೆಹಲಿ: 2003ರ ತಿದ್ದುಪಡಿ, ಘಟಕ ಪ್ರದೇಶ ಪದ್ಧತಿ 1 ಏಪ್ರಿಲ್ 2004ರಿಂದ, ಕಾಲೊನಿಗಳ 8 ವರ್ಗ, ‘ಎ’ಯಿಂದ ‘ಎಚ್’ವರೆಗೆ
• ಮುಂಬಯಿ: ಬಂಡವಾಳ ಮೌಲ್ಯ ಪದ್ಧತಿ, 1 ಏಪ್ರಿಲ್ 2010ರಿಂದ
– ನವೆಂಬರ್ 2022: 2010 ಮತ್ತು 2015ರ ನಿಯಮಗಳ 20, 21, 22ನೇ ನಿಯಮ ರದ್ದು, ಹೈಕೋರ್ಟ್ ತೀರ್ಪಿಗೆ ಸುಪ್ರೀಂ ಕೋರ್ಟ್ ಸಮ್ಮತಿ
– 500 ಚದರ ಅಡಿವರೆಗಿನ ವಾಸದ ಮನೆಗೆ ಆಸ್ತಿ ತೆರಿಗೆ ಮನ್ನಾ: 2022ರಿಂದ
• ಕೋಲ್ಕತ್ತ: ಘಟಕ ಪ್ರದೇಶ ಪದ್ಧತಿ, 1 ಏಪ್ರಿಲ್ 2017ರಿಂದ, 7 ವಲಯ, ‘ಎ’ಯಿಂದ ‘ಜಿ’ವರೆಗೆ
• ಜೆ-ನರ್ಮ್ (ಕೇಂದ್ರದ ಜವಾಹರಲಾಲ್ ನೆಹರು ರಾಷ್ಟ್ರೀಯ ನಗರ ನವೀಕರಣ ಯೋಜನೆ): ಚಾಲನೆ 3 ಡಿಸೆಂಬರ್ 2005
– ರಾಜ್ಯಗಳ ಕಡ್ಡಾಯ ಸುಧಾರಣೆಗಳಲ್ಲಿ ಬಾಡಿಗೆ ಕಾಯ್ದೆಯ ಪರಿಷ್ಕರಣೆಯೂ ಒಂದು
– ಆಸ್ತಿ ತೆರಿಗೆ ವಸೂಲಿ ಗುರಿ: ಕನಿಷ್ಠ ಶೇ 85
– ಬಾಡಿಗೆ ಸುಧಾರಣೆಯಲ್ಲಿ ಪ್ರಗತಿ ಮಂದ. ತೆರಿಗೆ ಪದ್ಧತಿಯ ಬದಲಾವಣೆಯಲ್ಲಿ ವೇಗ. ಮತದಾರ ಬಾಡಿಗೆದಾರರನ್ನು ಮುಟ್ಟದೆ ಆಧಾರ ಬದಲಿಸುವುದು ರಾಜ್ಯಗಳಿಗೆ ಸುಲಭ
• 15ನೇ ಹಣಕಾಸು ಆಯೋಗ: ನಗರ ಸ್ಥಳೀಯ ಸಂಸ್ಥೆಗಳಿಗೆ 1,21,055 ಕೋಟಿ ರೂ. (2021–26), ಆಸ್ತಿ ತೆರಿಗೆಯ ಕನಿಷ್ಠ ದರದ ಅಧಿಸೂಚನೆ ಅನುದಾನದ ಷರತ್ತು

ಕರ್ನಾಟಕ
• ಮೈಸೂರು ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಕಾಯ್ದೆ, 1951
• ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ, 1961 (1961ರ ಕಾಯ್ದೆ ಸಂಖ್ಯೆ 22): ಖಾಲಿಯಾದ ಮನೆಯ ಮಾಹಿತಿ ಬಾಡಿಗೆ ನಿಯಂತ್ರಕರಿಗೆ ಕಡ್ಡಾಯ
• ಕರ್ನಾಟಕ ಬಾಡಿಗೆ ಕಾಯ್ದೆ, 1999 (2001ರ ಕಾಯ್ದೆ ಸಂಖ್ಯೆ 34): ಜಾರಿ 31 ಡಿಸೆಂಬರ್ 2001. ಹೆಸರಿನ ವರ್ಷ, ಸಂಖ್ಯೆಯ ವರ್ಷ ಬೇರೆ ಬೇರೆ. ಹೆಸರಿನಲ್ಲಿ ‘ನಿಯಂತ್ರಣ’ ಪದ ಇಲ್ಲ
– ಅನ್ವಯಿಸದ ವಾಸದ ಕಟ್ಟಡ: ತಿಂಗಳ ಬಾಡಿಗೆ 3,500 ರೂ. ಮೀರಿದ್ದು (ಮೊದಲ ಅನುಸೂಚಿಯ ಭಾಗ ‘ಎ’ ಪ್ರದೇಶ), 2,000 ರೂ. ಮೀರಿದ್ದು (ಇತರ ಪ್ರದೇಶ)
– ಅನ್ವಯಿಸದ ವಾಣಿಜ್ಯ ಕಟ್ಟಡ: 14 ಚದರ ಮೀಟರ್ ಮೀರಿದ ತಳ ವಿಸ್ತೀರ್ಣ
– ಇಂದಿನ ಬೆಂಗಳೂರು ಬಾಡಿಗೆಗಳ ಮುಂದೆ 3,500 ರೂ. ಮಿತಿಯ ವ್ಯಾಪ್ತಿ ನಗಣ್ಯ
• ಬೆಂಗಳೂರಿನ ಘಟಕ ಪ್ರದೇಶ ಮೌಲ್ಯ ಪದ್ಧತಿ, 2008
– ವಲಯಗಳು 6: ‘ಎ’ಯಿಂದ ‘ಎಫ್’ವರೆಗೆ, ಆಧಾರ ಮಾರ್ಗಸೂಚಿ ದರ
– ಸೂತ್ರ: ವಿಸ್ತೀರ್ಣ × ದರ × 10 ತಿಂಗಳು, ಅದರಲ್ಲಿ ಸವಕಳಿ ಕಳೆದು ಉಳಿದ ಮೊತ್ತ
– ತೆರಿಗೆ: ವಾಸಕ್ಕೆ ಶೇ 20, ವಾಸೇತರಕ್ಕೆ ಶೇ 25
– ತೆರಿಗೆಯ ಮೇಲೆ ಸೆಸ್ ಶೇ 24: ಆರೋಗ್ಯ 15, ಗ್ರಂಥಾಲಯ 6, ಭಿಕ್ಷುಕರ ಪರಿಹಾರ 3
– ಬಾಡಿಗೆಗೆ ಕೊಟ್ಟ ಮನೆಯ ದರ ಸ್ವಂತ ವಾಸದ ದರದ ಎರಡು ಪಟ್ಟು
– ಮಾದರಿ ಲೆಕ್ಕ (ಸವಕಳಿ ಬಿಟ್ಟು): 1,000 ಚದರ ಅಡಿ, ಸ್ವಂತ ವಾಸದ ದರ 2 ರೂ. ಎಂದುಕೊಂಡರೆ ಮೌಲ್ಯ 20,000, ತೆರಿಗೆ 4,000, ಸೆಸ್ 960, ಒಟ್ಟು 4,960 ರೂ.
– ಅದೇ ಮನೆ ಬಾಡಿಗೆಗೆ, ದರ 4 ರೂ.: ಮೌಲ್ಯ 40,000, ತೆರಿಗೆ 8,000, ಸೆಸ್ 1,920, ಒಟ್ಟು 9,920 ರೂ.
– ಸ್ವಂತ ವಾಸ ಎಂದು ತಪ್ಪಾಗಿ ಘೋಷಿಸುವ ಪ್ರಲೋಭನೆಗೆ ಈ ಅಂತರವೇ ಕಾರಣ. ನೋಂದಣಿಯಿಲ್ಲದ ಕರಾರಿನಿಂದ ಪತ್ತೆ ಕಷ್ಟ
• ರಾಜ್ಯದ ಇತರ ನಗರ ಸ್ಥಳೀಯ ಸಂಸ್ಥೆಗಳಲ್ಲಿ: ಮಾರ್ಗಸೂಚಿ ದರ ಆಧರಿಸಿದ ಬಂಡವಾಳ ಮೌಲ್ಯ ಪದ್ಧತಿ. ಬಾಡಿಗೆ ಏರಿದರೂ ಇಳಿದರೂ ತೆರಿಗೆಗೆ ನೇರ ಸಂಬಂಧ ಇಲ್ಲ
• ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2024: ಜಾರಿ 15 ಮೇ 2025, ಸೆಪ್ಟೆಂಬರ್ 2025ರಿಂದ 5 ಪಾಲಿಕೆಗಳು (ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ)

ಮಾದರಿ ಬಾಡಿಗೆ ಕಾಯ್ದೆ, 2021
• ಕೇಂದ್ರ ಸಂಪುಟದ ಒಪ್ಪಿಗೆ: 2 ಜೂನ್ 2021
• ಸ್ವರೂಪ: ರಾಜ್ಯಗಳಿಗೆ ಮಾದರಿ ಮಾತ್ರ, ತಾನಾಗಿ ಜಾರಿಯಾಗದು, ಹಳೆಯ ಬಾಡಿಗೆಗಳಿಗೆ ಪೂರ್ವಾನ್ವಯ ಇಲ್ಲ
• ಬಾಡಿಗೆ ಮೊತ್ತ: ಕರಾರಿನಂತೆ, ಗರಿಷ್ಠ ಮಿತಿ ಇಲ್ಲ
• ಭದ್ರತಾ ಠೇವಣಿ: ವಾಸಕ್ಕೆ 2 ತಿಂಗಳು, ವಾಸೇತರಕ್ಕೆ 6 ತಿಂಗಳು (ಬೆಂಗಳೂರಿನ 10 ತಿಂಗಳ ಅಡ್ವಾನ್ಸ್ ರೂಢಿ ಮಾತ್ರ, ಕಾನೂನಲ್ಲ)
• ಕರಾರಿನ ಮಾಹಿತಿ: 2 ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ
• ಮೂರು ಹಂತ: ಬಾಡಿಗೆ ಪ್ರಾಧಿಕಾರ, ಬಾಡಿಗೆ ನ್ಯಾಯಾಲಯ, ಬಾಡಿಗೆ ನ್ಯಾಯಮಂಡಳಿ
• ಅವಧಿ ಮುಗಿದರೂ ಖಾಲಿ ಮಾಡದಿದ್ದರೆ: ಮೊದಲ 2 ತಿಂಗಳು ಬಾಡಿಗೆಯ 2 ಪಟ್ಟು, ಬಳಿಕ 4 ಪಟ್ಟು
• ಮಾಲೀಕರ ಪ್ರವೇಶಕ್ಕೆ 24 ಗಂಟೆ ಮುಂಚಿತ ಸೂಚನೆ
• ಇದೇ ಧಾಟಿಯ ರಾಜ್ಯ ಕಾಯ್ದೆಗಳು: ತಮಿಳುನಾಡು (2017; ಜಾರಿ ಫೆಬ್ರುವರಿ 2019), ಉತ್ತರ ಪ್ರದೇಶ 2021, ಅಸ್ಸಾಂ 2021
• ಸ್ಥಳೀಯ ಸಂಸ್ಥೆಗೆ ಪರಿಣಾಮ: ಜಾರಿ ವೆಚ್ಚ ರಾಜ್ಯದ್ದು; ಪೌರಸಂಸ್ಥೆಗೆ ಸಿಗಬಹುದಾದ ಲಾಭ ಬಾಡಿಗೆ ದಾಖಲೆ

ಇಂಗ್ಲೆಂಡ್: ವೆಚ್ಚದ ಕಡೆಯ ಮಾದರಿ
• ಬಾಡಿಗೆ ಮೌಲ್ಯ ಆಧರಿಸಿದ ಗೃಹ ತೆರಿಗೆ ಅಂತ್ಯ: ಸ್ಕಾಟ್ಲೆಂಡ್ 1989, ಇಂಗ್ಲೆಂಡ್ ಮತ್ತು ವೇಲ್ಸ್ 1990
• ಕೌನ್ಸಿಲ್ ತೆರಿಗೆ: 1 ಏಪ್ರಿಲ್ 1993ರಿಂದ, ಇಂಗ್ಲೆಂಡಿನಲ್ಲಿ ಮೌಲ್ಯದ ಆಧಾರ ದಿನ 1 ಏಪ್ರಿಲ್ 1991, ಪಾವತಿ ಸಾಮಾನ್ಯವಾಗಿ ವಾಸಿಸುವವರದು. ಬಾಡಿಗೆ ಹಕ್ಕು ಹಿಗ್ಗಿದರೂ ಈ ತೆರಿಗೆಯ ಆಧಾರ ಕುಗ್ಗದು
• ವಸತಿ ಕಾಯ್ದೆ 1988, ಕಲಂ 21: ಕಾರಣ ನೀಡದೆ 2 ತಿಂಗಳ ನೋಟಿಸ್‌ನಲ್ಲಿ ಮನೆ ಖಾಲಿ ಮಾಡಿಸುವ ಅವಕಾಶ
• ಬಾಡಿಗೆದಾರರ ಹಕ್ಕುಗಳ ಕಾಯ್ದೆ: ರಾಜರ ಅಂಕಿತ 27 ಅಕ್ಟೋಬರ್ 2025, ಬಾಡಿಗೆ ಕರಾರಿನ ಮುಖ್ಯ ಅಂಶಗಳ ಜಾರಿ ದಿನ 1 ಮೇ 2026
– ಕಲಂ 21 ರದ್ದು. ನಿಗದಿತ ಅವಧಿಯ ಬದಲು ಅವಧಿಯಿಲ್ಲದ ಆವರ್ತಕ ಬಾಡಿಗೆ
– ಬಾಡಿಗೆ ಏರಿಕೆ ವರ್ಷಕ್ಕೆ ಒಮ್ಮೆ; ಹರಾಜಿನಂತೆ ಬಾಡಿಗೆ ಏರಿಸುವುದಕ್ಕೆ ನಿಷೇಧ; ಮುಂಗಡ ಬಾಡಿಗೆ ಗರಿಷ್ಠ 1 ತಿಂಗಳು
– ತೆರವಿಗೆ ಕಡ್ಡಾಯ ಆಧಾರವಾಗುವ ಬಾಡಿಗೆ ಬಾಕಿ: 2ರಿಂದ 3 ತಿಂಗಳಿಗೆ ಏರಿಕೆ, ಮನೆ ಮಾರಾಟಕ್ಕಾಗಿ ತೆರವಿಗೆ 4 ತಿಂಗಳ ನೋಟಿಸ್
• ವ್ಯಾಪ್ತಿ, ಸರ್ಕಾರದ ಲೆಕ್ಕದಂತೆ: 1.1 ಕೋಟಿ ಬಾಡಿಗೆದಾರರು, 23 ಲಕ್ಷ ಮಾಲೀಕರು
• ಜಾರಿಯ ಹೊಣೆ: ಸ್ಥಳೀಯ ಕೌನ್ಸಿಲ್‌ಗಳ ಶಾಸನಬದ್ಧ ಕರ್ತವ್ಯ, ವಿಸ್ತೃತ ತನಿಖಾಧಿಕಾರ 27 ಡಿಸೆಂಬರ್ 2025ರಿಂದ
• ‘ಹೊಸ ಹೊರೆ’ ಸೂತ್ರ: ಕೇಂದ್ರ ಹೊರಿಸುವ ಹೊಸ ಕರ್ತವ್ಯದ ವೆಚ್ಚಕ್ಕೆ ಕೇಂದ್ರದ್ದೇ ಹಣ. ಭಾರತದ 12ನೇ ಅನುಸೂಚಿಗೆ ಇಂಥ ಜೊತೆ ಸೂತ್ರ ಇಲ್ಲ
• ಕೌನ್ಸಿಲ್‌ಗಳ ವರಮಾನ ಮೂಲಗಳು
– ಸಿವಿಲ್ ದಂಡ: ಸಾಮಾನ್ಯ ಉಲ್ಲಂಘನೆಗೆ 7,000 ಪೌಂಡ್‌ವರೆಗೆ, ಗಂಭೀರ ಅಥವಾ ಪುನರಾವರ್ತಿತ ಉಲ್ಲಂಘನೆಗೆ 40,000 ಪೌಂಡ್‌ವರೆಗೆ
– ಹಿಂದಿನ ಮಿತಿ: 30,000 ಪೌಂಡ್ (ವಸತಿ ಮತ್ತು ಯೋಜನಾ ಕಾಯ್ದೆ 2016, ಜಾರಿ ಏಪ್ರಿಲ್ 2017)
– ಸಿವಿಲ್ ದಂಡದ ಹಣ ಕೌನ್ಸಿಲ್‌ಗೇ, ಬಾಡಿಗೆ ವಲಯದ ಜಾರಿಗೆ ಬಳಕೆ. ಕ್ರಿಮಿನಲ್ ನ್ಯಾಯಾಲಯದ ದಂಡ ಕೌನ್ಸಿಲ್‌ಗೆ ಇಲ್ಲ
– ಬಾಡಿಗೆ ಮರುಪಾವತಿ ಆದೇಶ: ಗರಿಷ್ಠ 12ರಿಂದ 24 ತಿಂಗಳ ಬಾಡಿಗೆಗೆ ಏರಿಕೆ
– ಪರವಾನಗಿ ಶುಲ್ಕ: ವಸತಿ ಕಾಯ್ದೆ 2004, ಅವಧಿ ಗರಿಷ್ಠ 5 ವರ್ಷ, ವೆಚ್ಚ ಭರ್ತಿಗೆ ಮಾತ್ರ, ಲಾಭಕ್ಕಲ್ಲ
– ಬಹುತೇಕ ಇಡೀ ಬರೋಗೆ ಆಯ್ದ ಪರವಾನಗಿ ಪದ್ಧತಿ ತಂದ ಮೊದಲ ಲಂಡನ್ ಕೌನ್ಸಿಲ್: ನ್ಯೂಹ್ಯಾಮ್, 2013
• ದೊಡ್ಡ ಬಾಬ್ತು: ತಾತ್ಕಾಲಿಕ ವಸತಿ
– ವಸತಿಹೀನತೆ ತಗ್ಗಿಸುವ ಕಾಯ್ದೆ 2017. ಜಾರಿ 3 ಏಪ್ರಿಲ್ 2018. ತಡೆ ಕರ್ತವ್ಯದ ಅವಧಿ 56 ದಿನ
– ಇಂಗ್ಲಿಷ್ ಕೌನ್ಸಿಲ್‌ಗಳ ವೆಚ್ಚ 2023–24ರಲ್ಲಿ ಸುಮಾರು 230 ಕೋಟಿ ಪೌಂಡ್
– ಕೇಂದ್ರದ ಸಹಾಯಧನದ ಲೆಕ್ಕ: ಜನವರಿ 2011ರ ಸ್ಥಳೀಯ ವಸತಿ ಭತ್ಯೆ ದರದ ಶೇ 90, ಉಳಿದ ಅಂತರ ಕೌನ್ಸಿಲ್‌ನದು
– ಮುಂಬಯಿಯಲ್ಲಿ ಸ್ಥಗಿತಗೊಂಡದ್ದು ತೆರಿಗೆಯ ಆಧಾರ. ಇಲ್ಲಿ ಸ್ಥಗಿತಗೊಂಡದ್ದು ಸಹಾಯಧನದ ಆಧಾರ
– ಕಲಂ 21ರ ರದ್ದತಿಯಿಂದ ಈ ವೆಚ್ಚದಲ್ಲಿ ಇಳಿಕೆ ನಿರೀಕ್ಷಿತ. ಮಾಲೀಕರು ಮನೆ ಮಾರಿ ವಲಯದಿಂದ ಹೊರನಡೆದರೆ ಏರಿಕೆಯೂ ಸಾಧ್ಯ
• ವೇಲ್ಸ್: ಮನೆ ಬಾಡಿಗೆ ಕಾಯ್ದೆ 2016, ಜಾರಿ 1 ಡಿಸೆಂಬರ್ 2022. ಸ್ಕಾಟ್ಲೆಂಡ್: ಕಾರಣರಹಿತ ತೆರವಿಗೆ ಅಂತ್ಯ 1 ಡಿಸೆಂಬರ್ 2017ರಿಂದ

ಅಮೆರಿಕ
• ರಾಜ್ಯವ್ಯಾಪಿ ಬಾಡಿಗೆ ನಿಯಂತ್ರಣದ ಮೊದಲ ರಾಜ್ಯ: ಆರಿಗನ್, ಫೆಬ್ರುವರಿ 2019, ಮೂಲ ಮಿತಿ ಶೇ 7 ಮತ್ತು ಹಣದುಬ್ಬರ
• ಕ್ಯಾಲಿಫೋರ್ನಿಯಾ: 2019ರ ಕಾಯ್ದೆ, ಶೇ 5 ಮತ್ತು ಹಣದುಬ್ಬರ, ಗರಿಷ್ಠ ಶೇ 10, ಜಾರಿ 1 ಜನವರಿ 2020
– ಪ್ರಸ್ತಾವ 13, 1978: ಆಸ್ತಿ ತೆರಿಗೆ ಖರೀದಿ ಬೆಲೆಯ ಮೇಲೆ, ದರ ಶೇ 1, ಮೌಲ್ಯ ಏರಿಕೆ ವರ್ಷಕ್ಕೆ ಗರಿಷ್ಠ ಶೇ 2
– ಬರ್ಕ್ಲಿ ಬಾಡಿಗೆ ಮಂಡಳಿ: ವೆಚ್ಚ ಭರ್ತಿ ಮಾಲೀಕರ ನೋಂದಣಿ ಶುಲ್ಕದಿಂದ
– ಸ್ಯಾನ್ ಫ್ರಾನ್ಸಿಸ್ಕೊ, 1994ರ ವಿಸ್ತರಣೆ: ಡೈಮಂಡ್, ಮೆಕ್‌ಕ್ವೇಡ್, ಚಿಯಾನ್ ಅಧ್ಯಯನ (2019), ವ್ಯಾಪ್ತಿಗೆ ಬಂದ ಮಾಲೀಕರಿಂದ ಬಾಡಿಗೆ ಮನೆ ಪೂರೈಕೆ ಶೇ 15 ಇಳಿಕೆ, ನಗರದ ಬಾಡಿಗೆ ಶೇ 5.1 ಏರಿಕೆ
• ಕೇಂಬ್ರಿಜ್, ಮ್ಯಾಸಚೂಸೆಟ್ಸ್: ನವೆಂಬರ್ 1994ರ ಜನಮತ, 9ನೇ ಪ್ರಶ್ನೆ, ಬಾಡಿಗೆ ನಿಯಂತ್ರಣ ಅಂತ್ಯ. ಆಟರ್, ಪಾಮರ್, ಪಾಠಕ್ ಅಧ್ಯಯನ (2014): 1994–2004ರ ನಡುವೆ ಮನೆಗಳ ಮೌಲ್ಯಕ್ಕೆ ಸುಮಾರು 200 ಕೋಟಿ ಡಾಲರ್ ಸೇರ್ಪಡೆ, ಅದರ ಬಹುಪಾಲು ನಿಯಂತ್ರಣಕ್ಕೆ ಎಂದೂ ಒಳಪಡದ ಮನೆಗಳಲ್ಲಿ
• ಸೇಂಟ್ ಪಾಲ್, ಮಿನೆಸೋಟ: ನವೆಂಬರ್ 2021ರ ಜನಮತ, ವಾರ್ಷಿಕ ಏರಿಕೆ ಮಿತಿ ಶೇ 3. ಅಹರ್ನ್, ಜಿಯಾಕೊಲೆಟ್ಟಿ ಅಧ್ಯಯನ (2022): ಆಸ್ತಿ ಮೌಲ್ಯದಲ್ಲಿ ಶೇ 6–7 ಇಳಿಕೆ, ಒಟ್ಟು ಸುಮಾರು 160 ಕೋಟಿ ಡಾಲರ್
• ತೆರವು ಪ್ರಕರಣಗಳಲ್ಲಿ ಬಾಡಿಗೆದಾರರಿಗೆ ವಕೀಲರ ಹಕ್ಕು ನೀಡಿದ ಮೊದಲ ಅಮೆರಿಕನ್ ನಗರ: ನ್ಯೂಯಾರ್ಕ್, ಆಗಸ್ಟ್ 2017, ಮೇಯರ್ ಬಿಲ್ ಡಿ ಬ್ಲಾಸಿಯೊ
– ಕಾಯ್ದೆಗೆ ಮುನ್ನ, 2016ರ ಅಂದಾಜು (ನಗರ ವಕೀಲರ ಸಂಘಕ್ಕಾಗಿ ಸ್ಟೌಟ್ ಸಂಸ್ಥೆ): ವಾರ್ಷಿಕ ವೆಚ್ಚ 19.9 ಕೋಟಿ ಡಾಲರ್, ನಿವ್ವಳ ಉಳಿತಾಯ 32 ಕೋಟಿ ಡಾಲರ್
– ಉಳಿತಾಯದ ಬಾಬ್ತು: ಆಶ್ರಯತಾಣಗಳ ವೆಚ್ಚ, ಕೈಗೆಟಕುವ ಮನೆಗಳ ರಕ್ಷಣೆ. ಅಂದಾಜು ಮಾತ್ರ, ಲೆಕ್ಕಪರಿಶೋಧಿತ ಅಂಕಿ ಅಲ್ಲ
• ವಕೀಲರ ಹಕ್ಕು ನೀಡಿದ ಎರಡನೇ ನಗರ: ಸ್ಯಾನ್ ಫ್ರಾನ್ಸಿಸ್ಕೊ, ಜೂನ್ 2018ರ ಜನಮತ

ಗೊಂದಲಕ್ಕೆ ಎಡೆಮಾಡುವ ಅಂಶಗಳು
• ದೆಹಲಿ ಬಾಡಿಗೆ ನಿಯಂತ್ರಣ ಕಾಯ್ದೆ 1958: ಜಾರಿಯಲ್ಲಿದೆ, 1988ರ ತಿದ್ದುಪಡಿಯಿಂದ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಗೆ ಅನ್ವಯ ಇಲ್ಲ
• ದೆಹಲಿ ಬಾಡಿಗೆ ಕಾಯ್ದೆ 1995: ರಾಷ್ಟ್ರಪತಿ ಅಂಕಿತ ಆಗಸ್ಟ್ 1995, ಜಾರಿಯ ಅಧಿಸೂಚನೆ ಎಂದೂ ಹೊರಬಿದ್ದಿಲ್ಲ
• 3,500 ರೂ. ಮಿತಿ: ದೆಹಲಿ, ಕರ್ನಾಟಕ ಎರಡರಲ್ಲೂ ಒಂದೇ ಅಂಕಿ
• ಪ್ರದೇಶಾಧಾರಿತ ಪದ್ಧತಿ: ಪಟ್ನಾ, ಬೆಂಗಳೂರು, ದೆಹಲಿ, ಕೋಲ್ಕತ್ತ, ಬಂಡವಾಳ ಮೌಲ್ಯ: ಮುಂಬಯಿ, ಬೆಂಗಳೂರು ಬಿಟ್ಟು ಕರ್ನಾಟಕದ ಇತರ ನಗರಗಳು
• ಪ್ರಮಾಣಿತ ಬಾಡಿಗೆ, ವಾರ್ಷಿಕ ಬಾಡಿಗೆ ಮೌಲ್ಯ: ಮೊದಲನೆಯದು ಬಾಡಿಗೆ ಕಾಯ್ದೆಯ ಪದ, ಎರಡನೆಯದು ಪೌರ ಕಾಯ್ದೆಯ ಪದ
• ಇಂಗ್ಲೆಂಡಿನ 2025ರ ಕಾಯ್ದೆಯಲ್ಲಿ ಬಾಡಿಗೆಯ ಶೇಕಡಾವಾರು ಮಿತಿ ಇಲ್ಲ. ಏರಿಕೆ ಮಾರುಕಟ್ಟೆ ದರ ಮೀರಿದೆ ಎನಿಸಿದರೆ ನ್ಯಾಯಮಂಡಳಿಗೆ ಮೊರೆ ಮಾತ್ರ